ಮೂಗಿನ ನೇರಕ್ಕೆ

ತಲೆ ತಗ್ಗಿಸುವುದು ವಿನಯದ ಲಕ್ಷಣವೆಂದು ಹಿರಿಯರು ಹೇಳುತ್ತಾರೆ. ಮನುಷ್ಯರ ಮಟ್ಟಿಗೆ ಈ ಮಾತು ಸತ್ಯವಿರಬಹುದು. ಬೈಸಿಕಲ್ಲಿನ ಸೀಟಿನ ಮಟ್ಟಿಗೆ ಅದು ಸತ್ಯವಲ್ಲವೆಂದು ನಾನು ಆಣೆಯಿಟ್ಟು ಹೇಳಬಲ್ಲೆ. ಕಳೆದ ವರ್ಷದ ಬೇಸಗೆಯಲ್ಲಿ ಹೊಸಂಗಡಿಯ ಸುತ್ತಮುತ್ತಲಿನ ಗುಡ್ಡಗಳನ್ನು ನಾನು ಹತ್ತಿಳಿದ ಬೈಸಿಕಲ್ಲಿನ ಸೀಟು ಅತಿ ವಿನಯಶಾಲಿಯಾಗಿತ್ತು. ಮನೆಯಂಗಳದಲ್ಲಿ ನೆಟ್ಟಗೆ ಇರುವುದು. ಒಂದು ಕಿಲೋಮೀಟರು ಕಳೆಯುವಷ್ಟರಲ್ಲಿ ಮೂಗನ್ನು ನೆಲದತ್ತ ಬಾಗಿಸುವುದು. ಸವಾರನು ಮುಂದಕ್ಕೆ ಜಾರುವನು. ಜಾರದಿರಲೆಂದು ಕೈಗಳನ್ನು ಹ್ಯಾಂಡಲಿಗೆ ಊರುವನು. ಅಂಗೈ ಜೋಮು ಹಿಡಿಯುವುದು, ಹೆಗಲು ನೋಯುವುದು. ಕುಳಿತು ಹೋಗಬೇಕಾದ ವಾಹನದಲ್ಲಿ ಅರ್ಧ ನಿಂತು ಹೋಗುವ ಆ ಸುಖವನ್ನು ಅನುಭವಿಸಿದವರೇ ಬಲ್ಲರು.

ಈ ಬೈಸಿಕಲ್ಲು ನನ್ನ ತಂದೆಯವರದು. ಇಪ್ಪತ್ತೆಂಟು ಇಂಚಿನ ಚಕ್ರಗಳು, ಕಂಬಿಯ ಬ್ರೇಕು, ಕಪ್ಪು ಬಣ್ಣ, ಹಿಂದೆ ಅಡಿಕೆಮೂಟೆ ಹೇರಲು ಯೋಗ್ಯವಾದ ಕ್ಯಾರಿಯರು. ಅದರ ಮುಂದಿನ ಕಂಬಿಯ ಮೇಲೆ ಕುಳಿತು ನಾನು ಒಂದನೆಯ ತರಗತಿಗೆ ಹೋದವನು. ತಂದೆಯವರು ತೀರಿಕೊಂಡ ಬಳಿಕ ಅದು ಕೆಲವು ವರ್ಷ ಹಟ್ಟಿಯ ಗೋಡೆಗೆ ಒರಗಿ ನಿಂತಿತ್ತು. ಸೀಟಿನ ಚರ್ಮವನ್ನು ಇಲಿಗಳು ತಿಂದವು. ಅಧ್ಯಾಪಕ ವೃತ್ತಿ ದೊರೆತು, ನಾಲ್ಕು ಕಾಸು ಕೈಯಲ್ಲಿ ಆಡತೊಡಗಿದ ಮೇಲೆ ನಾನು ಅದಕ್ಕೆ ಹೊಸ ಟಯರು ಹಾಕಿಸಿದೆ. ಸೀಟನ್ನು ಮಾತ್ರ ಮಂಗಳೂರಿನಿಂದ ತಂದೆ. ಕಂದು ಚರ್ಮ, ತಾಮ್ರದ ಬಣ್ಣದ ಗುಂಡು ಮೊಳೆಗಳು, ಹಿಂದೆ ಎರಡು ಸುರುಳಿ ಸ್ಪ್ರಿಂಗುಗಳು. ನೋಡಿದರೆ ಅಜ್ಜನ ಕಾಲದ್ದೆನ್ನಬೇಕು. ಆದರೆ ಹೊಚ್ಚ ಹೊಸತು. ಹಳೆಯದರಂತೆ ಕಾಣುವ ಹೊಸ ವಸ್ತುವಿಗೆ, ಹೊಸದಾಗಿಯೇ ಕಾಣುವ ವಸ್ತುವಿಗಿಂತ ಬೆಲೆ ಹೆಚ್ಚೆಂಬುದು ನನಗೆ ಅಂದು ತಿಳಿಯಿತು.

ಕುದುರೆಯ ಬೆನ್ನಿಗೆ ಹಾಕುವುದಕ್ಕೆ ನಾವು ಜೀನು ಎನ್ನುತ್ತೇವೆ. ಬೈಸಿಕಲ್ಲಿಗೆ ಹಾಕಿದೊಡನೆ ಅದು ಸೀಟು ಆಗುತ್ತದೆ. ಎರಡಕ್ಕೂ ನಂಟು ಇಲ್ಲದಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಬ್ರೂಕ್ಸ್ ಎಂಬವರು 1866ರಲ್ಲಿ ಕುದುರೆಗಳಿಗೆ ಬೇಕಾದ ಚರ್ಮದ ಸಾಮಾನುಗಳ ವ್ಯಾಪಾರವನ್ನು ಆರಂಭಿಸಿದರು. 1882ರಲ್ಲಿ ಅವರು ಬೈಸಿಕಲ್ಲಿನ ಚರ್ಮದ ಸೀಟಿಗೆ ಪೇಟೆಂಟು ಪಡೆದರು. ಎರಡು ಚಕ್ರಗಳೂ ಹೆಚ್ಚುಕಡಮೆ ಸಮನಾಗಿರುವ, ಸರಪಣಿಯಿಂದ ಹಿಂದಿನ ಚಕ್ರ ತಿರುಗುವ ಈಗಿನ ಮಾದರಿಯ ಬೈಸಿಕಲ್ಲನ್ನು ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೊರತಂದರು. ನಮ್ಮ ದೇಶದಲ್ಲಿ ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತದ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಹುಟ್ಟಿದವು. ಆ 1956ರ ನವೆಂಬರ್ 1ರಂದೇ ನಮ್ಮ ಕಾಸರಗೋಡು ದಕ್ಷಿಣ ಕನ್ನಡವನ್ನು ಬಿಟ್ಟು ಕೇರಳಕ್ಕೆ ಸೇರಿತು. ಗಡಿ ಸರಿದರೂ ದಾರಿ ಸರಿಯಲಿಲ್ಲ. ಅದೇ ಮುರಕಲ್ಲಿನ ದಾರಿಯಲ್ಲಿ ಅಧ್ಯಾಪಕರು ಅದೇ ಬೈಸಿಕಲ್ಲುಗಳಲ್ಲಿ ಅದೇ ಕನ್ನಡ ಶಾಲೆಗಳಿಗೆ ಹೋಗಿ ಬಂದರು. ಈಗ ಆ ಕಾಲವೂ ಕಳೆದಿದೆ. ಅಟ್ಲಾಸಿನವರು ಸಾಹಿಬಾಬಾದಿನ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿದುದು 2020ರ ಜೂನ್ 3ರಂದು. ಅದು ವಿಶ್ವ ಬೈಸಿಕಲ್ ದಿನವಾಗಿತ್ತು. ನನ್ನ ಸಹೋದ್ಯೋಗಿಗಳೆಲ್ಲ ಸ್ಕೂಟರಿನಲ್ಲಿ ಬರುತ್ತಾರೆ. ಬೈಸಿಕಲ್ಲಿನಲ್ಲಿ ಬರುವ ಅಧ್ಯಾಪಕನೆಂದರೆ ಮಕ್ಕಳಿಗೆ ಒಂದು ನೋಟ.

ಸೀಟು ಬಾಗುವುದು ಕಂಡಾಗ ಮೊದಲು ನನಗೆ ತೋಚಿದುದು ಎಲ್ಲರಿಗೂ ತೋಚುವುದೇ: ಬಿಗಿ ಸಾಲದು. ಮನೆಯಲ್ಲಿದ್ದ ಸಣ್ಣ ಸ್ಪ್ಯಾನರಿನಿಂದ ನಟ್ಟನ್ನು ಬಿಗಿದೆ. ಎರಡು ದಿನ ನಿಂತಿತು. ಮೂರನೆಯ ದಿನ ಬಾಗಿತು. ನೆರೆಮನೆಯಿಂದ ದೊಡ್ಡ ಸ್ಪ್ಯಾನರು ತಂದೆ. ಅದು ಒಂದು ದಿನ ನಿಂತಿತು. ಕೊನೆಗೆ ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಕೊಳವೆಯ ತುಂಡೊಂದನ್ನು ತೂರಿಸಿ, ಕಾಲನ್ನು ಗೋಡೆಗೆ ಒತ್ತಿ, ಉಸಿರು ಬಿಗಿಹಿಡಿದು ಎಳೆದೆ. ಕೈ ನಡುಗಿತು, ಹಣೆ ಬೆವರಿತು, ನಟ್ಟಿನ ಮೂಲೆಗಳು ಉರುಟಾದವು. ಇಷ್ಟು ಬಿಗಿ ಯಾವ ಸೀಟಿಗೂ ಆಗಿರಲಿಕ್ಕಿಲ್ಲವೆಂಬ ತೃಪ್ತಿಯಿಂದ ಹೊರಟೆನು. ಹೊಸಂಗಡಿಯ ಪೇಟೆ ತಲುಪುವ ಮೊದಲೇ ಸೀಟು ಟಕ್ಕೆಂದು ಸದ್ದು ಮಾಡಿ ತಲೆಬಾಗಿತು.

ಮಟ್ಟ ನೋಡುವುದರಲ್ಲಿಯೂ ನಾನು ಉದಾಸೀನ ಮಾಡಿದವನಲ್ಲ. ಪಾರದರ್ಶಕವಾದ ಬಾಟಲಿಯೊಂದರಲ್ಲಿ ಅರ್ಧ ನೀರು ತುಂಬಿ ಅಡ್ಡಲಾಗಿ ಸೀಟಿನ ಉದ್ದಕ್ಕೆ ಇಡುವೆನು. ನೀರಿನ ಗೆರೆ ಸೀಟಿಗೆ ಸಮನಾಗುವವರೆಗೆ ಮೂಗನ್ನು ಕೂದಲೆಳೆಯಷ್ಟು ಎತ್ತುವೆನು, ಕೂದಲೆಳೆಯಷ್ಟು ಇಳಿಸುವೆನು. ಜಗಲಿಯ ಮೇಲೆ, ಮುಂದಿನ ಚಕ್ರವನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ಪ್ರತಿ ಬೆಳಗ್ಗೆ ನಡೆಯುತ್ತಿದ್ದ ಈ ಪೂಜೆಯನ್ನು ಕಂಡು ನನ್ನ ತಾಯಿ, “ಅದಕ್ಕೆ ಒಂದು ಆರತಿಯನ್ನೂ ಎತ್ತಿಬಿಡು” ಎಂದರು.

ರಜೆಯ ದಿನಗಳಲ್ಲಿ ಬೈಸಿಕಲ್ಲು ಹತ್ತಿ ತಿರುಗಬೇಕಾದ ಪ್ರಮೇಯವೇನೆಂದು ಹೊರ ಊರಿನ ವಾಚಕರು ಕೇಳಬಹುದು. ಗಡಿನಾಡಿನ ಅಧ್ಯಾಪಕ ಮಿತ್ರರು ಕೇಳಲಾರರು. ಜೂನಿನಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ನಮ್ಮಲ್ಲಿ ಮಕ್ಕಳ ತಲೆ ಎಣಿಕೆ. ಆ ದಿನದ ಸಂಖ್ಯೆಯ ಮೇಲೆ ಆ ವರ್ಷದ ಡಿವಿಜನುಗಳು; ಡಿವಿಜನುಗಳ ಮೇಲೆ ಅಧ್ಯಾಪಕರ ಹುದ್ದೆಗಳು. ಆದುದರಿಂದ ಮೇ ತಿಂಗಳ ಬಿಸಿಲಿನಲ್ಲಿ ನಾವು ಮನೆಮನೆಯ ಅಂಗಳದಲ್ಲಿ ನಿಲ್ಲುತ್ತೇವೆ. ಕೊಟ್ಟ ನೀರು ಕುಡಿಯುತ್ತೇವೆ. “ಮಗುವನ್ನು ಕನ್ನಡ ಶಾಲೆಗೇ ಕಳುಹಿಸಿ” ಎನ್ನುತ್ತೇವೆ. ಕೆಲವರು ಒಪ್ಪುತ್ತಾರೆ, ಕೆಲವರು “ನೋಡುವ” ಎನ್ನುತ್ತಾರೆ. ಆ “ನೋಡುವ” ಎಂಬ ಮಾತಿನ ಅರ್ಥ ನಮಗೆ ಚೆನ್ನಾಗಿ ಗೊತ್ತು.

ಕಳೆದ ವರ್ಷ ನಮ್ಮ ಶಾಲೆಗೆ ಬರತಕ್ಕ ಮಕ್ಕಳ ಪಟ್ಟಿಯಲ್ಲಿ ಕೆಲವು ಹೆಸರುಗಳು ಅಳುಕುತ್ತಿದ್ದವು. ಅವುಗಳಲ್ಲೊಂದು ನನ್ನ ತರಗತಿಯಲ್ಲಿಯೇ ಇದ್ದ, ಎರಡನೆಯ ತರಗತಿ ಮುಗಿಸಿದ ಒಬ್ಬ ಹುಡುಗಿಯದು. ಮನೆಮಾತು ತುಳು. ಮೌನದ ಮಗು. ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಮಗ್ಗಿ ಬಾಯಿಗೆ ಬಾರದು. ಎಣಿಸಲು ಹೇಳಿದರೆ ಐದಾರಕ್ಕೆ ನಿಂತುಬಿಡುವಳು. ನನ್ನ ತರಗತಿಯಲ್ಲಿ ಒಂದು ನಿಯಮವಿತ್ತು: ಬಾಗಿಲು ದಾಟಿ ಒಳಗೆ ಬಂದ ಮೇಲೆ ಕನ್ನಡವಲ್ಲದೆ ಬೇರೆ ಮಾತು ಸಲ್ಲದು. ನಿಯಮ ಮೇಲಿನಿಂದ ಬಂದುದಲ್ಲ, ನಾನೇ ಮಾಡಿದುದು. ಸಪ್ತಭಾಷೆಗಳ ಈ ನಾಡಿನಲ್ಲಿ ಕನ್ನಡ ಉಳಿಯಬೇಕಾದರೆ ಶಾಲೆಯ ನಾಲ್ಕು ಗೋಡೆಗಳ ಒಳಗಾದರೂ ಅದು ಅಚ್ಚುಕಟ್ಟಾಗಿರಬೇಕೆಂಬುದು ನನ್ನ ವಾದ. ಆ ಹುಡುಗಿ ಒಂದು ದಿನ ಎಣಿಸುತ್ತ ಎಣಿಸುತ್ತ “ಪತ್ತ್” ಎಂದಳು. “ಪತ್ತ್ ಅಲ್ಲ, ಹತ್ತು. ತಪ್ಪು. ಮೊದಲಿನಿಂದ ಹೇಳು” ಎಂದೆ. ಮೊದಲಿನಿಂದ ಹೇಳಲಿಲ್ಲ. ಆಮೇಲೆ ಎಂದೂ ಹೇಳಲಿಲ್ಲ. ನಾನು ಇಪ್ಪತ್ತು ಸಲ ಬರೆಯಲು ಕೊಟ್ಟೆ. ಮಾರನೆಯ ವಾರ ಮೂವತ್ತು ಸಲ. ಬರೆದು ತಂದಳು, ಬಾಯಿ ಮಾತ್ರ ತೆರೆಯಲಿಲ್ಲ.

ಆ ಹುಡುಗಿಯನ್ನು ಮನೆಯವರು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸುವ ಯೋಚನೆಯಲ್ಲಿದ್ದಾರೆಂಬ ಸುದ್ದಿ ಬಂತು. ಮೇ ತಿಂಗಳ ಕೊನೆಯ ವಾರ, ಮುಗಿಲು ಮುಸುಕಿದ ಒಂದು ಅಪರಾಹ್ನ ನಾನು ಅವರ ಮನೆಗೆ ಹೊರಟೆ. ನಿಜವನ್ನೇ ಹೇಳಬೇಕು: ನನ್ನ ಮನಸ್ಸಿನಲ್ಲಿದ್ದುದು ಆ ಹುಡುಗಿಗಿಂತ ಹೆಚ್ಚಾಗಿ ಆರನೆಯ ದಿನದ ಲೆಕ್ಕ. ಗುಡ್ಡದ ಇಳಿಜಾರಿನಲ್ಲಿ ಸೀಟು ಎಂದಿನಂತೆ ಬಾಗಿತು. ಉಳಿದ ದಾರಿಯನ್ನು ಬೈಸಿಕಲ್ಲು ದೂಡಿಕೊಂಡೇ ನಡೆದು, ತೋಡಿನ ಸಂಕ ದಾಟಿ, ಅವರ ಅಂಗಳಕ್ಕೆ ಬೆವರುತ್ತ ಕಾಲಿಟ್ಟೆನು.

ಜಗಲಿಯಲ್ಲಿ ಆ ಹುಡುಗಿಯ ಅಜ್ಜ ಕುಳಿತಿದ್ದರು. ಅವರು ಬಹಳ ವರ್ಷ ಹೊಸಂಗಡಿಯಲ್ಲಿ ಸೈಕಲ್ ರಿಪೇರಿಯ ಅಂಗಡಿ ನಡೆಸಿದವರೆಂಬುದು ನನಗೆ ತಿಳಿದಿರಲಿಲ್ಲ. ಹೊಸ ಅಂಗಡಿಗಳೇ ಊರಿಗೆ ಹೆಸರು ಕೊಟ್ಟ ಪೇಟೆ ಅದು; ಹಳೆಯ ಅಂಗಡಿಗಳ ನೆನಪು ಅಲ್ಲಿ ಬೇಗ ಅಳಿಸುತ್ತದೆ. ನನ್ನನ್ನು ಕುಳ್ಳಿರಿಸಿ ನೀರು ಬೆಲ್ಲ ತರಿಸಿದರು. ಆದರೆ ಅವರ ಕಣ್ಣು ನನ್ನ ಮೇಲಿರಲಿಲ್ಲ. ಅಂಗಳದಲ್ಲಿ ನಿಂತ ಬೈಸಿಕಲ್ಲಿನ ಮೇಲಿತ್ತು. ನಾವು ತುಳುವಿನಲ್ಲಿ ಆಡಿದ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಾಷ್ಟ್ರೆ, ಸೀಟು ಹೀಗೆ ಬಾಗಿದ್ದು ಇವತ್ತೋ, ಮೊದಲಿನಿಂದಲೋ?”

“ಮೊದಲಿನಿಂದಲೂ ಹೀಗೇ ಅಜ್ಜ. ಎಷ್ಟು ಬಿಗಿದರೂ ನಿಲ್ಲುವುದಿಲ್ಲ.”

ಅವರು ಎದ್ದುಬಂದು ನಟ್ಟನ್ನು ಬೆರಳಿನಿಂದ ಸವರಿದರು. ಉರುಟಾದ ಮೂಲೆಗಳು ಬೆರಳಿಗೆ ಸಿಕ್ಕಿದವು. ನಕ್ಕರು.

“ಬಿಗಿದದ್ದು ಗೊತ್ತಾಗುತ್ತದೆ. ಆದರೆ ನೀವು ಬಿಗಿದದ್ದು ಯಾವುದನ್ನು? ಬೋಲ್ಟನ್ನೋ, ಹಲ್ಲನ್ನೋ?”

ನನಗೆ ಅರ್ಥವಾಗಲಿಲ್ಲ. ಅವರು ಮೊಮ್ಮಗಳನ್ನು ಕೂಗಿ ಒಳಗಿನಿಂದ ತಗಡಿನ ಪೆಟ್ಟಿಗೆಯೊಂದನ್ನು ತರಿಸಿದರು. ಆ ಹುಡುಗಿ ಪೆಟ್ಟಿಗೆಯನ್ನು ಹೊತ್ತು ತಂದು, ನನ್ನನ್ನು ಕಂಡು, ಕಂಬದ ಮರೆಗೆ ಸರಿದಳು. ಅಜ್ಜ ಜಗಲಿಯ ಮೇಲೆ ಹಳೆಯ ಗೋಣಿಯನ್ನು ಹಾಸಿ, ಸೀಟನ್ನು ಕಳಚಿ, ಅದರ ಕ್ಲಾಂಪನ್ನು ಒಂದೊಂದು ತುಂಡಾಗಿ ಬಿಚ್ಚಿ ಸಾಲಾಗಿ ಇಟ್ಟರು.

ಸೀಟಿನ ಅಡಿಯಲ್ಲಿ ಅಷ್ಟೊಂದು ಸಂಸಾರವಿರುವುದನ್ನು ನಾನು ಎಂದೂ ನೋಡಿರಲಿಲ್ಲ. ನಡುವಿನ ತುಂಡು ಸೀಟಿನ ಕಂಬವನ್ನು ಅಪ್ಪಿ ಹಿಡಿಯುತ್ತದೆ. ಅದರ ಎರಡು ಕೆನ್ನೆಗಳಲ್ಲಿಯೂ ಸುತ್ತಲೂ ಸಣ್ಣ ಸಣ್ಣ ಹಲ್ಲುಗಳು. ಹೊರಗಿನಿಂದ ಅವಕ್ಕೆ ತಾಗಿ ಕೂರುವ ಎರಡು ಬಿಲ್ಲೆಗಳ ಒಳಮೈಯಲ್ಲಿಯೂ ಅಂಥವೇ ಹಲ್ಲುಗಳು. ಸೀಟಿನ ಕಂಬಿಗಳು ಈ ಬಿಲ್ಲೆಗಳಿಗೆ ಸೇರಿಕೊಂಡಿವೆ. ಎಲ್ಲವನ್ನೂ ದಾಟಿ ಒಂದು ಬೋಲ್ಟು. ಅದರ ಎರಡು ಕೊನೆಗಳಲ್ಲಿ ಎರಡು ನಟ್ಟುಗಳು. ಸೀಟನ್ನು ಬಾಗದಂತೆ ಹಿಡಿಯುವುದು ಬೋಲ್ಟಲ್ಲ, ಹಲ್ಲುಗಳು. ಒಂದರ ಹಲ್ಲು ಇನ್ನೊಂದರ ಸಂದಿನೊಳಗೆ ಕುಳಿತರೆ ಸೀಟು ಅಲುಗದು. ಅವು ಹಾಗೆ ಕುಳಿತುದನ್ನು ಬಿಡದಂತೆ ಒತ್ತಿ ಹಿಡಿಯುವುದಷ್ಟೇ ಬೋಲ್ಟಿನ ಕೆಲಸ.

“ನಿಮ್ಮ ಸೀಟಿನ ಹಲ್ಲು ನೋಡಿ” ಎಂದು ಅಜ್ಜ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟರು. ಹಲ್ಲುಗಳ ತುದಿಗಳೆಲ್ಲ ಮೊಂಡಾಗಿ, ವೃದ್ಧರ ವಸಡಿನಂತೆ ನುಣ್ಣಗಾಗಿದ್ದವು. ಹೊಸ ವಸ್ತು ಇಷ್ಟು ಬೇಗ ಹೇಗೆ ಸವೆಯಿತೆಂದು ಕೇಳಿದೆ. ನಾನು ಮಟ್ಟ ನೋಡುತ್ತಿದ್ದ ಕ್ರಮವನ್ನು ಅವರು ವಿಚಾರಿಸಿದರು. ಬಾಟಲಿಯ ನೀರಿನ ಕತೆಯನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

“ಅಲ್ಲಿಯೇ ತಪ್ಪಿದ್ದು. ಹಲ್ಲು ಇರುವಲ್ಲಿ ಕೂದಲೆಳೆಯ ಲೆಕ್ಕ ಇಲ್ಲ ಮಾಷ್ಟ್ರೆ. ಒಂದು ಹಲ್ಲು ಮೇಲೆ, ಇಲ್ಲವೆ ಒಂದು ಹಲ್ಲು ಕೆಳಗೆ. ನಡುವೆ ನಿಲ್ಲಿಸಿದರೆ ಹಲ್ಲಿನ ತುದಿಯ ಮೇಲೆ ತುದಿ ಕೂರುತ್ತದೆ. ನೀವು ಬಿಗಿದಷ್ಟೂ ತುದಿ ತುದಿಯನ್ನು ಅರೆಯುತ್ತದೆ. ನಿಮ್ಮ ಭಾರ ಬಿದ್ದಾಗ ಕೆಳಗಿನ ಸಂದಿಗೆ ಜಾರುತ್ತದೆ.”

ದಾರಿಯಲ್ಲಿ ನಾನು ದಿನವೂ ಕೇಳುತ್ತಿದ್ದ ಟಕ್ಕೆಂಬ ಸದ್ದು ಅದೇ ಆಗಿತ್ತು.

ಅಷ್ಟಕ್ಕೆ ನಿಲ್ಲಲಿಲ್ಲ. ಬೋಲ್ಟಿನ ತಿರುಪಿನ ಸುತ್ತುಗಳನ್ನು ತೋರಿಸಿದರು. ಕಡಲ ಗಾಳಿಯ ಊರು. ಹೊಸ ಸೀಟಿನ ಬೋಲ್ಟೇ ಆದರೂ ಆಗಲೇ ತುಕ್ಕು ಕಚ್ಚಿತ್ತು. “ನಿಮ್ಮ ಕೈಗೆ ಬಿಗಿ ಅನ್ನಿಸಿದ್ದು ಈ ತುಕ್ಕಿನ ಬಿಗಿ. ನೀವು ಹಾಕಿದ ಬಲವನ್ನೆಲ್ಲ ತಿರುಪು ತಿಂದುಬಿಟ್ಟಿದೆ. ಹಲ್ಲಿಗೆ ಮುಟ್ಟಿದ್ದು ಸ್ವಲ್ಪವೇ” ಎಂದರು. ನನ್ನ ನಡುಗಿದ ಕೈ, ಬೆವರಿದ ಹಣೆ, ಕೊಳವೆ ತೂರಿಸಿದ ಸ್ಪ್ಯಾನರು ಎಲ್ಲವೂ ನೆನಪಾದವು. ನಾನು ಪಟ್ಟ ಶ್ರಮವೆಷ್ಟೋ ಅಷ್ಟು ಬಿಗಿ ಸೀಟಿಗೆ ಆಯಿತೆಂದು ನಾನು ತಿಳಿದಿದ್ದೆ. ಶ್ರಮ ನನ್ನ ಕೈಯಲ್ಲಿಯೇ ಉಳಿದಿತ್ತು.

ಕೊನೆಯದಾಗಿ, ಮಟ್ಟ ನೋಡಿದುದು ಎಲ್ಲಿ ಎಂದು ಕೇಳಿದರು. ಜಗಲಿಯಲ್ಲಿ ಎಂದೆ. “ಜಗಲಿ ಮಟ್ಟವಿದೆಯೇ?” ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: “ಇರಲಿಕ್ಕಿಲ್ಲ. ಮಟ್ಟವಿದ್ದರೆ ಇರಚಲಿನ ನೀರೆಲ್ಲ ಅಲ್ಲೇ ನಿಂತೀತು.” ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮೀರಿ ಮಳೆ ಸುರಿಯುವ ಊರಿನಲ್ಲಿ ಯಾವ ಮೇಸ್ತ್ರಿಯೂ ಮಟ್ಟವಾದ ಜಗಲಿಯನ್ನು ಕಟ್ಟುವುದಿಲ್ಲ, ನೀರು ಅಂಗಳಕ್ಕೆ ಹರಿಯಲೆಂದು ಇಳುಕಲು ಕೊಡುತ್ತಾನೆ. ಗೋಡೆಯ ಕಡೆ ಏರು, ಅಂಗಳದ ಕಡೆ ತಗ್ಗು. ಮುಂದಿನ ಚಕ್ರವನ್ನು ಗೋಡೆಗೆ ತಾಗಿಸಿ ನಾನು ಸಾಧಿಸಿದ ಸಮತಲವು ರಸ್ತೆಗೆ ಇಳಿದೊಡನೆ ಇಳಿಮುಖವಾಗುತ್ತಿತ್ತು. ಮೂಗಿನ ನೇರಕ್ಕೆ ನೋಡುವುದು ಎಂದು ನಮ್ಮಲ್ಲಿ ಒಂದು ಮಾತಿದೆ. ನಾನು ನನ್ನ ಜಗಲಿಯ ನೇರಕ್ಕೆ ಲೋಕದ ಮಟ್ಟವನ್ನು ನೋಡಿದ್ದೆ.

ಸವೆದ ಹಲ್ಲಿಗೆ ಮದ್ದಿಲ್ಲವೆಂದು ಹೇಳಿ ಅಜ್ಜ ಪೆಟ್ಟಿಗೆಯಿಂದ ಹಳೆಯದೊಂದು ಕ್ಲಾಂಪನ್ನು ಹುಡುಕಿ ತೆಗೆದರು. ಬಣ್ಣ ಹೋಗಿತ್ತು; ಹಲ್ಲು ಮಾತ್ರ ಚೂಪಾಗಿತ್ತು. ಸೀಮೆಎಣ್ಣೆಯಲ್ಲಿ ಅದ್ದಿ, ತಂತಿಯ ಬ್ರಷ್ಷಿನಿಂದ ಸಂದುಗಳ ಕೊಳೆಯನ್ನು ಉಜ್ಜಿ, ಒಣಬಟ್ಟೆಯಲ್ಲಿ ಒರಸಿದರು. ಒರಸಿದ ಬಿಲ್ಲೆಯನ್ನು ಮೊಮ್ಮಗಳ ಕೈಗೆ ಕೊಟ್ಟು, “ಹಲ್ಲು ಎಷ್ಟುಂಟು, ಎಣಿಸು ಮಗಾ” ಎಂದರು. ಹಲ್ಲು ಎಂಬಲ್ಲಿ ಅವರು ಬಳಸಿದ ತುಳು ಶಬ್ದ “ಕೂಳಿ”.

ಕಂಬದ ಮರೆಯ ಹುಡುಗಿ ಮುಂದೆ ಬಂದಳು. ಸುಣ್ಣದ ತುಂಡೊಂದನ್ನು ಹುಡುಕಿ, ಮೊದಲ ಹಲ್ಲಿಗೆ ಗುರುತು ಹಾಕಿದಳು. ಉರುಟಾದುದನ್ನು ಎಣಿಸುವಾಗ ಎಲ್ಲಿ ಆರಂಭಿಸಿದೆವೆಂಬುದು ಮರೆಯದಿರಲು ಗುರುತು ಬೇಕೆಂಬುದನ್ನು ನಾನು ಕಲಿಸಿರಲಿಲ್ಲ. ಒಂಜಿ, ರಡ್ಡ್, ಮೂಜಿ ಎಂದು ಆರಂಭವಾದುದು ನಿಲ್ಲಲಿಲ್ಲ. ಪತ್ತ್ ಬಂತು, ದಾಟಿತು. ಇಪ್ಪತ್ತು ದಾಟಿತು. ಸುಣ್ಣದ ಗುರುತಿಗೆ ಮರಳಿ ಬಂದು ಬೆರಳು ನಿಂತಿತು. “ಮುಪ್ಪತ್ತಾಜಿ” ಎಂದಳು. ನಾನು ಬಿಲ್ಲೆಯನ್ನು ತೆಗೆದುಕೊಂಡು ಎಣಿಸಿದೆ. ಮೂವತ್ತಾರು. ಒಂದೂ ಹೆಚ್ಚಿಲ್ಲ, ಒಂದೂ ಕಡಮೆಯಿಲ್ಲ.

ಐದಾರಕ್ಕೆ ಮೇಲೆ ಎಣಿಸಲು ಬಾರದ ಮಗುವೆಂದು ನಾನು ಅವಳ ವಿಷಯದಲ್ಲಿ ಬರೆದಿದ್ದೆ.

ಅಧ್ಯಾಪಕ ತರಬೇತಿಯ ಕಾಲದಲ್ಲಿ ನಾವೆಲ್ಲರೂ ಒಂದು ಸೂತ್ರವನ್ನು ಉರು ಹೊಡೆದಿದ್ದೇವೆ: ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ. ಪರೀಕ್ಷೆಯಲ್ಲಿ ನಾನು ಅದನ್ನು ಉದಾಹರಣೆಗಳ ಸಹಿತ ಬರೆದು ಒಳ್ಳೆಯ ಅಂಕಗಳನ್ನು ಪಡೆದವನು. ಆ ಮಗುವಿಗೆ ಗೊತ್ತಿದ್ದುದು ಪತ್ತ್, ಗೊತ್ತಿಲ್ಲದುದು ಹತ್ತು. ಒಂದರ ಸಂದಿನಲ್ಲಿ ಇನ್ನೊಂದನ್ನು ಕೂರಿಸುವುದೇ ನನ್ನ ಉದ್ಯೋಗವಾಗಿತ್ತು. ಮಾಡಿದುದೇನು? ತುದಿಯ ಮೇಲೆ ತುದಿಯನ್ನಿಟ್ಟು, ಇಪ್ಪತ್ತು ಸಲ, ಮೂವತ್ತು ಸಲ ಎಂದು ಸ್ಪ್ಯಾನರನ್ನು ದೊಡ್ಡದು ಮಾಡುತ್ತ ಹೋದುದು. ಬರೆಸಿ ಬರೆಸಿ ನನಗೆ ದಣಿವಾಗುತ್ತಿತ್ತು. ಆ ದಣಿವನ್ನೇ ನಾನು ಪಾಠವೆಂದು ಭಾವಿಸಿದ್ದೆ.

ಇನ್ನೊಂದು ಮಾತು ಹೇಳಲು ನನಗೆ ನಾಚಿಕೆಯಾಗುತ್ತದೆ. ಪತ್ತ್ ಎಂದವಳಿಗೆ ತಪ್ಪು ಎಂದ ನಾನು ಹಳಗನ್ನಡವನ್ನು ಓದಿದವನು. ಹಳಗನ್ನಡದಲ್ಲಿ ಹತ್ತು ಎಂಬುದು ಪತ್ತು. ಹೂವು ಎಂಬುದು ಪೂ. ಹಾಲು ಎಂಬುದು ಪಾಲ್. ಶಬ್ದದ ಮೊದಲಲ್ಲಿದ್ದ ಪಕಾರವು ಕಾಲಕ್ರಮದಲ್ಲಿ ಹಕಾರವಾದುದು ನಮ್ಮ ಭಾಷೆಯ ಚರಿತ್ರೆ. ತುಳುವಿನಲ್ಲಿ ಇಂದಿಗೂ ಹತ್ತು ಪತ್ತ್, ಹೂವು ಪೂ. ಮಲೆಯಾಳದಲ್ಲಿ ಹಲ್ಲಿಗೆ ಪಲ್ಲ್ ಎನ್ನುತ್ತಾರೆ. ನಮ್ಮ ಪೂರ್ವಿಕರೂ ಪಲ್ ಎನ್ನುತ್ತಿದ್ದರು. ಪಂಪನ ಕಾಲದ ಕನ್ನಡಕ್ಕೆ ಸಮೀಪವಾದ ಒಂದು ಶಬ್ದವನ್ನು ಏಳು ವರ್ಷದ ಮಗು ನನ್ನ ಮುಂದೆ ಉಚ್ಚರಿಸಿತ್ತು. ಕನ್ನಡವನ್ನು ಉಳಿಸಹೊರಟ ನಾನು ಅದನ್ನು ತಪ್ಪೆಂದು ಹೊಡೆದುಹಾಕಿದ್ದೆ.

ಅಜ್ಜ ಕೆಲಸ ಮುಗಿಸುವುದನ್ನು ನಾನು ವಿದ್ಯಾರ್ಥಿಯಂತೆ ನೋಡುತ್ತ ಕುಳಿತೆ. ಬೋಲ್ಟಿನ ತಿರುಪಿಗೆ ಎರಡು ತೊಟ್ಟು ಎಣ್ಣೆ ಬಿಟ್ಟರು. ಹಲ್ಲಿಗೆ ಒಂದು ತೊಟ್ಟೂ ತಾಗದಂತೆ ನೋಡಿಕೊಂಡರು. ಬಿಲ್ಲೆಗಳನ್ನು ಸಡಿಲವಾಗಿ ಜೋಡಿಸಿ, ಸೀಟನ್ನು ಮೆಲ್ಲನೆ ಅಲುಗಿಸುತ್ತ ಹಲ್ಲು ಸಂದಿಗೆ ಇಳಿಯುವವರೆಗೆ ಕಾದರು. ಇಳಿದುದು ಕೈಗೆ ತಿಳಿದ ಮೇಲೆ ನಟ್ಟು ತಿರುಗಿಸಿದರು. ಒಂದೇ ಕಡೆಯಿಂದಲ್ಲ, ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತು. ಬಳಸಿದುದು ಸಣ್ಣ ಸ್ಪ್ಯಾನರು. “ಎರಡು ದಿನ ಓಡಿಸಿ, ಆಮೇಲೆ ಇನ್ನೊಮ್ಮೆ ಸ್ವಲ್ಪ ಬಿಗಿ ಮಾಡಿ. ಕೂತದ್ದು ಸರಿಯಾಗಿ ಕೂರಲಿಕ್ಕೆ ಅಷ್ಟು ಹೊತ್ತು ಬೇಕು” ಎಂದರು. ಹಣವನ್ನು ಮುಟ್ಟಲಿಲ್ಲ.

ಮೂಗು ಸ್ವಲ್ಪ ಮೇಲೆದ್ದಂತೆ ನನಗೆ ಕಂಡಿತು. ಹೇಳಿದೆ. ಚರ್ಮದ ಸೀಟಿಗೆ ಅಷ್ಟು ಇರಬೇಕು, ಆಗ ಸವಾರನು ಹಿಂದಿನ ಅಗಲವಾದ ಭಾಗದಲ್ಲಿ ನಿಲ್ಲುತ್ತಾನೆ ಎಂದರು. ಹತ್ತಿ ನೋಡಿದೆ. ಅಂಗೈಗಳು ಹಗುರಾದವು.

ಹೊರಡುವಾಗ ನಾನು ಬಂದ ಕಾರ್ಯದ ಮಾತನ್ನು ಎತ್ತಲು ಮನಸ್ಸಾಗಲಿಲ್ಲ. ಅಜ್ಜನೇ ಎತ್ತಿದರು. “ಇವಳನ್ನು ಬೇರೆ ಶಾಲೆಗೆ ಹಾಕುವ ಅನ್ನುತ್ತಾಳೆ ಮಗಳು. ಅಲ್ಲಿಯೂ ಬಾಯಿ ಬಿಡದಿದ್ದರೆ ಎಂದು ನನಗೆ ಹೆದರಿಕೆ” ಎಂದರು. ಕನ್ನಡದ ಹಿರಿಮೆ, ಮಾತೃಭಾಷೆಯಲ್ಲಿ ಶಿಕ್ಷಣ ಎಂದು ಮನೆಮನೆಯಲ್ಲಿ ಹೇಳುತ್ತಿದ್ದ ನನ್ನ ಭಾಷಣವೆಲ್ಲ ಗಂಟಲಲ್ಲಿಯೇ ನಿಂತಿತು. ಈ ಮಗುವಿನ ಮಾತೃಭಾಷೆಗೆ ನನ್ನ ಬಾಗಿಲಲ್ಲಿ ಪ್ರವೇಶವಿರಲಿಲ್ಲವಷ್ಟೆ. “ಬಾಯಿ ಬಿಡದ್ದು ಅವಳ ತಪ್ಪಲ್ಲ ಅಜ್ಜ, ನನ್ನದು” ಎಂದಷ್ಟೇ ಹೇಳಿ ಬಂದೆನು.

ಜೂನಿನಲ್ಲಿ ಶಾಲೆ ತೆರೆಯಿತು, ಮಳೆಯೂ ಬಂತು. ಮೊದಲ ದಿನ ಅವಳು ಬರಲಿಲ್ಲ. ಐದನೆಯ ದಿನವೂ ಇಲ್ಲ. ಆರನೆಯ ದಿನ ತಲೆ ಎಣಿಕೆ ನಡೆಯಿತು. ನಮಗೆ ಕೊರತೆ ಬಿದ್ದಿತು. ಒಂದು ಡಿವಿಜನು ಇಲ್ಲವಾಯಿತು. ಅವಳೊಬ್ಬಳು ಬಂದಿದ್ದರೂ ಆ ಕೊರತೆ ತುಂಬುತ್ತಿರಲಿಲ್ಲ. ಕಿರಿಯ ಸಹೋದ್ಯೋಗಿಯೊಬ್ಬರು ಕಣ್ಣೊರಸಿಕೊಂಡು ಬೇರೆ ಶಾಲೆಗೆ ಹೋದರು. ಏಳನೆಯ ದಿನ ಬೆಳಗ್ಗೆ, ಪ್ರಾರ್ಥನೆ ಮುಗಿಯುವ ಹೊತ್ತಿಗೆ, ಅಜ್ಜನ ಕೊಡೆಯ ಅಡಿಯಲ್ಲಿ ಅವಳು ಗೇಟಿನಲ್ಲಿ ಕಾಣಿಸಿಕೊಂಡಳು. ಲೆಕ್ಕಕ್ಕೆ ಒಂದು ದಿನ ತಡವಾಗಿ; ಪಾಠಕ್ಕೆ ಸಕಾಲದಲ್ಲಿ.

ನಮ್ಮ ತರಗತಿಯಲ್ಲಿ ಈಗ ಆ ಹಳೆಯ ನಿಯಮವಿಲ್ಲ. ಕರಿಹಲಗೆಯ ಒಂದು ಬದಿಯಲ್ಲಿ ಮಕ್ಕಳ ಮನೆಯ ಶಬ್ದ, ಇನ್ನೊಂದು ಬದಿಯಲ್ಲಿ ಕನ್ನಡದ ಶಬ್ದ. ತುಳು, ಮಲೆಯಾಳ, ಬ್ಯಾರಿ, ಕೊಂಕಣಿ ಯಾವುದಾದರೂ ಸರಿ. ಪತ್ತ್ ಎಂದವನು ಹತ್ತು ಎನ್ನಲು ಹೆಚ್ಚು ದಿನ ಬೇಕಾಗುವುದಿಲ್ಲ. ಹತ್ತು ಎಂದ ಮೇಲೆ ಬಿಡುವುದೂ ಇಲ್ಲ. ಇದರಿಂದ ಕನ್ನಡವು ಕಲಬೆರಕೆಯಾಗುವುದೆಂದು ಸಂಘದ ಹಿರಿಯರೊಬ್ಬರು ನನ್ನನ್ನು ಆಕ್ಷೇಪಿಸಿದ್ದಾರೆ. ಅವರ ಕನ್ನಡಾಭಿಮಾನದ ಮೇಲೆ ನನಗೆ ಗೌರವವಿದೆ. ಅವರು ಒಂದು ದಿನ ನಮ್ಮ ತರಗತಿಯಲ್ಲಿ ಕುಳಿತು ನೋಡಬೇಕೆಂದು ಈ ಪತ್ರಿಕೆಯ ಮೂಲಕವೇ ವಿನಂತಿಸುತ್ತೇನೆ.

ಒಂದು ದಿನ ಆ ಬಿಲ್ಲೆಯನ್ನೇ ಪಾಠಕ್ಕೆ ತೆಗೆದುಕೊಂಡೆ. ಒಂದು ಸುತ್ತಿಗೆ 360 ಡಿಗ್ರಿ, ಹಲ್ಲು 36, ಒಂದು ಹಲ್ಲಿಗೆ 10 ಡಿಗ್ರಿ. ಕ್ಲಾಂಪಿನ ನಡುವಿನಿಂದ ಮೂಗಿನ ತುದಿ 15 ಸೆಂಟಿಮೀಟರು; ಒಂದು ಹಲ್ಲು ಸರಿದರೆ ಮೂಗು ಎರಡೂವರೆ ಸೆಂಟಿಮೀಟರಿನಷ್ಟು ಇಳಿಯುತ್ತದೆ. ಹಲ್ಲುಗಳಿರುವುದಾದರೋ ನಡುವಿನಿಂದ ಒಂದೂವರೆ ಸೆಂಟಿಮೀಟರಿನಲ್ಲಿ. ಆದುದರಿಂದ ಮೂಗಿನ ತುದಿಗೆ ಬಿದ್ದ ಹತ್ತು ಕಿಲೋ ಭಾರವನ್ನು ಹಲ್ಲುಗಳು ನೂರು ಕಿಲೋ ಎಂಬಂತೆ ತಡೆಯಬೇಕಾಗುತ್ತದೆ. ಈ ಲೆಕ್ಕವೆಲ್ಲ ಮೂರನೆಯ ತರಗತಿಗೆ ಹೆಚ್ಚಾಯಿತು; ಆದರೆ ಬಿಲ್ಲೆಯನ್ನು ಮುಟ್ಟಿ ಎಣಿಸಲು ಎಲ್ಲರೂ ಮುಗಿಬಿದ್ದರು. ಎಣಿಸುವಾಗ ಗುರುತು ಹಾಕಬೇಕೆಂದು ಎಲ್ಲರಿಗೂ ಹೇಳಿಕೊಟ್ಟವಳು ಆ ಹುಡುಗಿಯೇ.

ಈಗ ಮಳೆಗಾಲದಲ್ಲಿ ಸೀಟಿಗೆ ಪ್ಲಾಸ್ಟಿಕ್ಕಿನ ಚೀಲ ಹೊದಿಸುತ್ತೇನೆ. ನೆನೆದ ಚರ್ಮ ಜೋತುಬೀಳುತ್ತದೆ. ತಿಂಗಳಿಗೊಮ್ಮೆ ಸಣ್ಣ ಸ್ಪ್ಯಾನರಿನಿಂದ ಎಡಕ್ಕೂ ಬಲಕ್ಕೂ ಒಂದಿಷ್ಟು ನೋಡಿಕೊಳ್ಳುತ್ತೇನೆ. ಬಾಟಲಿಯ ನೀರಿನ ಪೂಜೆ ನಿಂತಿದೆ. ಮೊನ್ನೆ ಶಾಲೆ ಬಿಡುವ ಹೊತ್ತಿಗೆ ಅವಳು ನನ್ನ ಬೈಸಿಕಲ್ಲಿನ ಬಳಿ ನಿಂತು, ಒಂದು ಕಣ್ಣು ಮುಚ್ಚಿ, ಸೀಟನ್ನು ಬದಿಯಿಂದ ಪರೀಕ್ಷಿಸುತ್ತಿದ್ದಳು.

“ಸಾರ್, ಸೀಟು ಸರಿ ಉಂಟು. ಒಂದು ಕೂಳಿ ಮೇಲೆ ಉಂಟು” ಎಂದಳು.

ನಾನು ತಿದ್ದಲಿಲ್ಲ. ಮರುದಿನ ಬೆಳಗ್ಗೆ ಕರಿಹಲಗೆಯ ಒಂದು ಬದಿಯಲ್ಲಿ ಕೂಳಿ ಎಂದೂ ಇನ್ನೊಂದು ಬದಿಯಲ್ಲಿ ಹಲ್ಲು ಎಂದೂ ಬರೆದು ಪಾಠವನ್ನು ಆರಂಭಿಸಿದೆ.